ಅಪ್ಪನ ಡೇಟಾ ಪ್ಯಾಕು

2011ರಲ್ಲಿ ಅಮೆರಿಕದ ಟ್ರೆವರ್ ಎಕ್‌ಹಾರ್ಟ್ ಅನ್ನೋ 25ರ ಹುಡುಗ ಆಂಡ್ರಾಯ್ಡ್ ಫೋನಿನ ಒಳಗೆ ಕೆದಕುತ್ತಾ ಹೋದಾಗ ಸಿಕ್ಕಿದ್ದು ಕ್ಯಾರಿಯರ್ ಐಕ್ಯೂ. ಫೋನ್ ಕೊಂಡವರು ಅದನ್ನ ಹಾಕಿಸಿಕೊಂಡಿರಲಿಲ್ಲ, ತೆಗೆಯೋದಕ್ಕೂ ಸುಲಭದ ದಾರಿ ಇರಲಿಲ್ಲ. ಅವನು ಅದನ್ನ ಬಯಲಿಗಿಟ್ಟ. ಕಂಪನಿ ಲಾಯರ್ ನೋಟಿಸ್ ಕಳಿಸಿತು. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್ ಹುಡುಗನ ಬೆನ್ನಿಗೆ ನಿಂತ ಮೇಲೆ ನೋಟಿಸ್ ವಾಪಸ್ ಪಡೆದು ಕ್ಷಮೆಯನ್ನೂ ಕೇಳಿತು. ಆಮೇಲೆ ಅವನು ಹಾಕಿದ ವಿಡಿಯೋದಲ್ಲಿ, ಒತ್ತಿದ ಒಂದೊಂದು ಕೀ ಕೂಡ ಲಾಗ್‌ನಲ್ಲಿ ಬೀಳ್ತಾ ಇತ್ತು. ಸೆನೆಟರ್ ಅಲ್ ಫ್ರಾಂಕನ್ ಲಿಖಿತ ಉತ್ತರ ಕೇಳಿದರು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಕೀ ಒತ್ತಿದ್ದನ್ನೆಲ್ಲ ಕಂಪನಿ ಕದ್ದು ಸಾಗಿಸ್ತಿರಲಿಲ್ಲ. ಆ ಲಾಗ್, ಫೋನ್ ತಯಾರಕರು ಆಫ್ ಮಾಡೋದು ಮರೆತ ಡೀಬಗ್ ಕೋಡ್. ಕಾಲ್ ಎಲ್ಲಿ ಕಟ್ ಆಗುತ್ತೆ, ಬ್ಯಾಟರಿ ಯಾಕೆ ಇಳಿಯುತ್ತೆ ಅಂತ ತಿಳಿಯೋದಕ್ಕೆ ಮೊಬೈಲ್ ಕಂಪನಿಗಳು ಈ ತಂತ್ರಾಂಶ ಬಳಸ್ತಿದ್ದವು. ಉದ್ದೇಶ ಏನೂ ಕೆಟ್ಟದ್ದಲ್ಲ. ಫೋನಿನ ಯಜಮಾನನಿಗೆ ಹೇಳೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ದರು.

ಡೀಬಗ್ ಕೋಡ್ ಮರೆಯೋದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು. ನಾನು ಬರೆದ ಮೊದಲ ಆ್ಯಪ್ ಅನ್ನ ಊರಲ್ಲಿ ಅಪ್ಪನ ಫೋನಿಗೆ ಹೆಮ್ಮೆಯಿಂದ ಹಾಕಿಕೊಟ್ಟಿದ್ದೆ. ವಾರದ ಮೇಲೆ ಫೋನು: 'ಏನೂ ನೋಡೇ ಇಲ್ಲ ಕಣೋ, ಪ್ಯಾಕ್ ಹೆಂಗ್ ಖಾಲಿ ಆಯ್ತು?' ಕ್ರ್ಯಾಶ್ ಲಾಗ್ ಕಳಿಸೋ ಮುಂಚೆ ವೈಫೈ ಇದೆಯಾ ಅಂತ ನೋಡೋ ಒಂದು ಸಾಲನ್ನ ನಾನು ಬರೆದಿರಲಿಲ್ಲ. ಆಫೀಸಿನ ವೈಫೈಯಲ್ಲಿ ಕೂತು ಟೆಸ್ಟ್ ಮಾಡಿದವನಿಗೆ ಅದು ಹೊಳೆಯೋದಾದರೂ ಹೇಗೆ? 'ನೆಟ್‌ವರ್ಕ್ ಸರಿ ಇಲ್ಲ ಅಪ್ಪ' ಅಂದುಬಿಟ್ಟೆ.

2025ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಜ್ಯೂರಿ ಇಂಥದ್ದಕ್ಕೇ ಬೆಲೆ ಕಟ್ಟಿತು. ಸುಮ್ಮನೆ ಮೇಜಿನ ಮೇಲಿದ್ದ ಆಂಡ್ರಾಯ್ಡ್ ಫೋನುಗಳೂ ಬಳಕೆದಾರರ ಮೊಬೈಲ್ ಡೇಟಾ ಖರ್ಚು ಮಾಡಿ ಗೂಗಲ್‌ಗೆ ಮಾಹಿತಿ ಕಳಿಸ್ತಿದ್ದವು ಅನ್ನೋದು 2019ರ ದಾವೆ. ಷರತ್ತುಗಳಿಗೆ ಒಪ್ಪಿದ್ದಾರಲ್ಲ ಅಂತ ಗೂಗಲ್ ವಾದಿಸಿತು. ಜ್ಯೂರಿ ಕೇಳಲಿಲ್ಲ, ಆ ರಾಜ್ಯದ ಸುಮಾರು 1.4 ಕೋಟಿ ಜನರ ಪರವಾಗಿ 31 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಹೇಳಿತು. ಗೂಗಲ್ ಮೇಲ್ಮನವಿ ಹೋಗ್ತೀನಿ ಅಂದಿತು.

ಹಬ್ಬಕ್ಕೆ ಊರಿಗೆ ಹೋದಾಗ ಇದನ್ನ ಅಪ್ಪನಿಗೆ ಹೇಳಿದೆ. ಜತೆಗೆ ಹಳೇ ಆ್ಯಪಿನ ನಿಜವನ್ನೂ ಹೇಳಿದೆ. ಅಡಿಕೆ ಕತ್ತರಿಸುತ್ತಾ ಕೇಳಿಸಿಕೊಂಡರು.

'ಅಲ್ಲಯ್ಯಾ, ಅವತ್ತು ನಾನು ಅಂಗಡಿ ಹುಡುಗನ ಹತ್ರ ಜಗಳ ಮಾಡ್ಕೊಂಡು ಬಂದಿದ್ನಲ್ಲೋ' ಅಂದರು.