ಎಂಜಿನ್ ಕೂಲೆಂಟ್ ಪರೀಕ್ಷೆ

ಎಂಜಿನ್ನಿನ ಶಾಖವನ್ನು ರೇಡಿಯೇಟರ್‌ಗೆ ಸಾಗಿಸುವ ದ್ರವ ಇನ್ನೂ ಬಳಕೆಗೆ ಯೋಗ್ಯವೇ ಎಂದು ತಿಳಿಯುವ ಕ್ರಮ. ಕೂಲೆಂಟ್ ಎಂದರೆ ಸಾಮಾನ್ಯವಾಗಿ ನೀರು, ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕುರೋಧಕಗಳ ಮಿಶ್ರಣ. ಚಳಿನಾಡುಗಳಲ್ಲಿ ನೀರು ಹೆಪ್ಪುಗಟ್ಟದಂತೆ ಕಾಯುವುದರಿಂದ ಇದಕ್ಕೆ ಆಂಟಿಫ್ರೀಜ್ ಎಂಬ ಹೆಸರೂ ಇದೆ.

ಚೆನ್ನೈಯಂತಹ ಬಿಸಿ ಊರಿನಲ್ಲಿ ಹೆಪ್ಪುಗಟ್ಟುವ ಭಯವಿಲ್ಲ. 2003ರ ಮೇ 31ರಂದು ಅಲ್ಲಿ 45 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತು. ಆ ಊರಿನ ವಾಹನಕ್ಕೆ ಕೂಲೆಂಟ್ ಬೇಕಾಗಿರುವುದು ಕುದಿಯನ್ನೂ ತುಕ್ಕನ್ನೂ ತಡೆಯಲು. ಅರ್ಧಕ್ಕರ್ಧ ಮಿಶ್ರಣ ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಒತ್ತಡ ಈ ಮಿತಿಯನ್ನು ಇನ್ನಷ್ಟು ಏರಿಸುತ್ತದೆ. ಕರಾವಳಿಯ ಉಪ್ಪು ಬೆರೆತ ಕೊಳವೆಬಾವಿ ನೀರನ್ನು ಸುರಿದರೆ ಅದರ ಕ್ಲೋರೈಡ್ ಅಲ್ಯೂಮಿನಿಯಂ ಭಾಗಗಳನ್ನು ಕೊರೆಯುತ್ತದೆ, ಗಡಸುತನ ಕೊಳವೆಗಳಲ್ಲಿ ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ.

ಮೊದಲ ಪರೀಕ್ಷೆ ಕಣ್ಣಿನದು. ತುಕ್ಕಿನ ಕಂದು ಬಣ್ಣ, ತಳದ ಗಸಿ ಕೆಟ್ಟ ಲಕ್ಷಣಗಳು. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಎಂಜಿನ್ ಆಯಿಲ್ ಸೇರಿರುವ ಸಂಭವವಿದೆ. ಹಸಿರು, ಕೆಂಪು, ನೀಲಿ ಕೇವಲ ತಯಾರಕರು ಸೇರಿಸುವ ಬಣ್ಣ. ಅದನ್ನು ನೋಡಿ ಗುಣ ಹೇಳಲಾಗದು.

ಎರಡನೆಯದು ಸಾಂದ್ರತೆ. ಹೈಡ್ರೋಮೀಟರ್‌ನಿಂದ ಅಳೆಯಬಹುದು, ದ್ರವ ಬಿಸಿಯಿದ್ದರೆ ಅದು ತಪ್ಪು ತೋರಿಸುತ್ತದೆ. ರಿಫ್ರ್ಯಾಕ್ಟೋಮೀಟರ್ ಹೆಚ್ಚು ನಿಖರ. ತಣ್ಣಗಿನ ದ್ರವದ ಒಂದೆರಡು ಹನಿಯನ್ನು ಗಾಜಿನ ಮೇಲಿಟ್ಟು ಬೆಳಕಿಗೆ ಹಿಡಿದರೆ ನೀಲಿ, ಬಿಳಿ ಬಣ್ಣಗಳ ನಡುವಿನ ಗೆರೆ ಕಾಣುತ್ತದೆ. ಹೆಪ್ಪುಗಟ್ಟುವ ಉಷ್ಣತೆಯ ಅಳತೆಪಟ್ಟಿಯಲ್ಲಿ ಗೆರೆ ಸುಮಾರು −37 ಡಿಗ್ರಿಯಲ್ಲಿ ನಿಂತರೆ ಗ್ಲೈಕಾಲ್ ಅರ್ಧದಷ್ಟಿದೆ ಎಂದರ್ಥ. ಚೆನ್ನೈಯಲ್ಲಿ ಈ ಅಂಕಿಯನ್ನು ಚಳಿಯ ಲೆಕ್ಕವಾಗಿ ಅಲ್ಲ, ಬೆರಕೆಯ ಲೆಕ್ಕವಾಗಿ ಓದಬೇಕು.

ಬೆರಕೆ ಸರಿಯಿದ್ದ ಮಾತ್ರಕ್ಕೆ ಕೂಲೆಂಟ್ ಚೆನ್ನಾಗಿದೆ ಎನ್ನಲಾಗದು. ಶಾಖ ಮತ್ತು ಆಮ್ಲಜನಕದ ಸಂಪರ್ಕದಿಂದ ಗ್ಲೈಕಾಲ್ ಕ್ರಮೇಣ ಆಮ್ಲವಾಗುತ್ತದೆ, ತುಕ್ಕುರೋಧಕಗಳು ಸವೆಯುತ್ತವೆ. ಇದನ್ನು ಪರೀಕ್ಷಾ ಪಟ್ಟಿಯಿಂದ ತಿಳಿಯಬಹುದು. ಹೊಸ ಕೂಲೆಂಟಿನ ಪಿಎಚ್ ಸಾಮಾನ್ಯವಾಗಿ 7.5ರಿಂದ 11ರೊಳಗಿರುತ್ತದೆ, 7ಕ್ಕಿಂತ ಕೆಳಗಿಳಿದರೆ ದ್ರವವನ್ನು ಬದಲಿಸಬೇಕು. ಕೂಲೆಂಟಿನ ಗುಣಮಟ್ಟಕ್ಕೆ ಭಾರತದಲ್ಲಿ ಐಎಸ್ 5759 ಎಂಬ ಮಾನಕವಿದೆ.

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವ ದ್ರವ ಚಿಮ್ಮಿ ಮೈ ಸುಡುತ್ತದೆ. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಹಳೆಯ ಕೂಲೆಂಟನ್ನು ಚರಂಡಿಗೆ ಚೆಲ್ಲದೆ, ಮಕ್ಕಳ ಮತ್ತು ಸಾಕುಪ್ರಾಣಿಗಳ ಕೈಗೆ, ಬಾಯಿಗೆ ಸಿಗದಂತೆ ಮುಚ್ಚಿದ ಡಬ್ಬಿಯಲ್ಲಿಟ್ಟು ವಿಲೇವಾರಿಗೆ ಒಪ್ಪಿಸಬೇಕು.