ಜಂಗಾಲಿನ ಮೇಲೆ ವಿಮಾನ

ಎರಡು ದೋಣಿಗಳ ಮೇಲೆ ಕಾಲಿಟ್ಟವನ ಗತಿ ಏನಾಗುವುದೆಂಬುದನ್ನು ನಮ್ಮ ಹಿರಿಯರು ಗಾದೆಯ ಮಾತಾಗಿಯೇ ಆಡಿಟ್ಟಿದ್ದಾರೆ. ಆದರೆ ಅದೇ ಹಿರಿಯರು ಎರಡು ದೋಣಿಗಳನ್ನು ಪಕ್ಕಪಕ್ಕಕ್ಕೆ ನಿಲ್ಲಿಸಿ, ಅಡ್ಡಲಾಗಿ ತೊಲೆಗಳನ್ನು ಹಾಯಿಸಿ, ತೆಂಗಿನ ನಾರಿನ ಹುರಿಯಿಂದ ಬಿಗಿದು, ಮೇಲೆ ಹಲಗೆ ಹಾಸಿ, ಎತ್ತು, ಗಾಡಿ, ಮದುವೆಯ ದಿಬ್ಬಣ ಎಲ್ಲವನ್ನೂ ಅದರ ಮೇಲೆ ಏರಿಸಿ ಹೊಳೆ ದಾಟಿಸಿದರು. ನಮ್ಮ ಕಡೆ ಇದಕ್ಕೆ ಜಂಗಾಲು ಎಂದು ಹೆಸರು. ಜಂಗಲ್ ಎನ್ನುವವರೂ ಉಂಟು. ನನ್ನೂರಾದ ಯಡ್ತರೆಯಿಂದ ದಕ್ಷಿಣಕ್ಕೆ ಕುಂದಾಪುರದತ್ತ ಹೊರಡಲಿ, ಉತ್ತರಕ್ಕೆ ಹೊನ್ನಾವರದತ್ತ ಹೊರಡಲಿ, ಸೇತುವೆಗಳು ಬರುವ ಮುನ್ನ ದೊಡ್ಡ ಹೊಳೆ ಎದುರಾದಲ್ಲೆಲ್ಲ ಕಡವಿನಲ್ಲಿ ಕುಳಿತು ಕಾಯುವುದೇ ಪ್ರಯಾಣದ ಅರ್ಧ ಭಾಗವಾಗಿತ್ತು. ಮೋಟಾರು ಕಾರುಗಳು ಬಂದ ಮೇಲೆ ಅವನ್ನೂ ಜಂಗಾಲು ಹೊತ್ತಿತು. ಒಂಟಿ ದೋಣಿಯಲ್ಲಿ ಕಾರನ್ನಿಟ್ಟರೆ ಅದು ಮಗುಚುವುದು ಖಂಡಿತ. ಅಂಥವೇ ಎರಡನ್ನು ಕಟ್ಟಿದರೆ ಕಾರಿನ ಮಾಲೀಕರು ಒಳಗೇ ಕುಳಿತು ನಿದ್ದೆ ಹೋಗಬಹುದು.

ಈ ಹಳೆಯ ಉಪಾಯವನ್ನು ಇಂದು ದೊಡ್ಡ ದೊಡ್ಡ ನೌಕಾಶಿಲ್ಪಿಗಳು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಕಾರಿನ ಬದಲು ವಿಮಾನವನ್ನು ಹೊರಿಸಬಹುದೇ ಎಂಬುದು ಅವರ ಪ್ರಶ್ನೆ. ನಮಗೂ ಅದು ದೂರದ ಮಾತಲ್ಲ. ಯಡ್ತರೆಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ನೂರೈವತ್ತು ಕಿಲೋಮೀಟರಿನೊಳಗೆ ಸಿಗುವ ಕಾರವಾರದಲ್ಲಿ, ೨೦೦೫ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯಲ್ಲಿ, ನಮ್ಮ ವಿಮಾನವಾಹಿನಿಗಳು ತಂಗುತ್ತವೆ. ವಿಕ್ರಮಾದಿತ್ಯ ರಷ್ಯದಿಂದ ಹೊರಟು ಅಲ್ಲಿಗೆ ಬಂದು ಸೇರಿದ್ದು ೨೦೧೪ರ ಜನವರಿಯಲ್ಲಿ. ಅರ್ಗಾ, ಬಿಣಗಾ ಕಡೆಯ ಮೀನುಗಾರರೂ ಹಾಲಕ್ಕಿ ಒಕ್ಕಲಿಗರೂ ಆ ನೆಲೆಗಾಗಿ ಮನೆ, ಗದ್ದೆ, ಬಲೆ ಎಳೆಯುವ ಕಡಲತಡಿ ಬಿಟ್ಟು ಎದ್ದು ಹೋದವರು. ಅಲ್ಲಿ ನಿಲ್ಲುವ ಹಡಗು ಎಂಥದಿರಬೇಕು, ಎಷ್ಟು ದೊಡ್ಡದಿರಬೇಕು ಎಂದು ಕೇಳುವ ಹಕ್ಕು ಕರಾವಳಿಯವರಿಗೆ ಉಳಿದೆಲ್ಲರಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೇ ಇದೆ ಎಂದು ನನ್ನ ಎಣಿಕೆ.

ಹೆಸರಿನಿಂದಲೇ ಆರಂಭಿಸೋಣ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕನೊಬ್ಬ ಬರೆದ ‘ಪೆರಿಪ್ಲಸ್’ ಎಂಬ ಕಡಲ ಕೈಪಿಡಿಯಲ್ಲಿ, ನಮ್ಮ ದಕ್ಷಿಣದ ತೀರಗಳಲ್ಲಿ ಒಂಟಿಮರದ ದೋಣಿಗಳನ್ನು ಜೋಡಿಸಿ ಕಟ್ಟಿದ ಬಲು ದೊಡ್ಡ ನಾವೆಗಳಿದ್ದುವೆಂದೂ ಅವನ್ನು ‘ಸಂಗರ’ ಎನ್ನುತ್ತಿದ್ದರೆಂದೂ ಇದೆ. ಮಲಯಾಳದ ಚಂಗಾಡ, ಪೋರ್ಚುಗೀಸರ ಜಂಗಾಡ, ನಮ್ಮ ಜಂಗಾಲು ಇವೆಲ್ಲ ಒಂದೇ ಬಳ್ಳಿಯ ಕಾಯಿಗಳೆಂದು ವಿದ್ವಾಂಸರು ಊಹಿಸಿದ್ದಾರೆ. ‘ಸಂಗಡ’ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುವ ಕನ್ನಡಿಗನಿಗೆ ಈ ಊಹೆ ಅಸಹಜವೆನಿಸದು. ಇಂಗ್ಲಿಷರು ಎರಡೊಡಲಿನ ಹಡಗಿಗೆಲ್ಲ ‘ಕ್ಯಾಟಮರಾನ್’ ಎನ್ನುತ್ತಾರಲ್ಲ, ಅದೂ ತಮಿಳರ ಕಟ್ಟುಮರವೇ. ತಮಾಷೆಯೆಂದರೆ ಕಟ್ಟುಮರಕ್ಕೆ ಎರಡೊಡಲಿಲ್ಲ. ಅದು ಒತ್ತಾಗಿ ಬಿಗಿದ ದಿಮ್ಮಿಗಳ ತೆಪ್ಪ. ಹೆಸರು ಹೋಗಿ ಬೇರೆಯವನ ತಲೆಯ ಮೇಲೆ ಕುಳಿತಿದೆ.

ಎರಡೊಡಲ ಯುದ್ಧನೌಕೆಯ ಆಸೆಯೂ ಹಳೆಯದೇ. ಈಜಿಪ್ತಿನ ದೊರೆ ನಾಲ್ಕನೆಯ ಟಾಲೆಮಿ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕಟ್ಟಿಸಿದ ಮಹಾನೌಕೆಗೆ ನಾಲ್ಕು ಸಾವಿರ ಮಂದಿ ಹುಟ್ಟು ಹಾಕುವವರಿದ್ದರಂತೆ, ಮೂರು ಸಾವಿರದಷ್ಟು ಸೈನಿಕರು ಅಟ್ಟದ ಮೇಲೆ ನಿಲ್ಲುತ್ತಿದ್ದರಂತೆ. ಅಷ್ಟು ಜನರಿಗೆ ಜಾಗ ಸಿಗಬೇಕಾದರೆ ಅದು ಎರಡು ಒಡಲುಗಳ ಮೇಲೆ ಹಾಸಿದ ಅಟ್ಟವೇ ಆಗಿರಬೇಕೆಂದು ನೌಕಾ ಇತಿಹಾಸಕಾರ ಲಯನೆಲ್ ಕ್ಯಾಸನ್ ವಾದಿಸಿದ್ದಾರೆ. ಆದರೆ ಆ ಹಡಗು ನೋಟಕ್ಕಷ್ಟೇ ಇತ್ತು, ಅಲುಗಿಸುವುದೇ ಕಷ್ಟವಾಗಿತ್ತು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ೧೬೬೦ರ ದಶಕದಲ್ಲಿ ವಿಲಿಯಂ ಪೆಟ್ಟಿ ಎಂಬ ಇಂಗ್ಲಿಷ್ ಪಂಡಿತ ಎರಡೊಡಲಿನ ಹಾಯಿಹಡಗುಗಳನ್ನು ಕಟ್ಟಿಸಿದ. ವೇಗದಲ್ಲಿ ಅವು ಇತರರನ್ನು ನಾಚಿಸಿದುವು. ‘ಎಕ್ಸ್‌ಪೆರಿಮೆಂಟ್’ ಎಂಬುದು ಮಾತ್ರ ಪೋರ್ಚುಗಲ್ಲಿನಿಂದ ಮರಳುವಾಗ ಬಿರುಗಾಳಿಗೆ ಸಿಕ್ಕಿ ಕಣ್ಮರೆಯಾಯಿತು. ೧೮೧೪ರಲ್ಲಿ ರಾಬರ್ಟ್ ಫುಲ್ಟನ್ ಅಮೆರಿಕಕ್ಕೆ ಕಟ್ಟಿಕೊಟ್ಟ ಜಗತ್ತಿನ ಮೊದಲ ಉಗಿ ಯುದ್ಧನೌಕೆಯೂ ಎರಡೊಡಲಿನದೇ. ಶತ್ರುವಿನ ಗುಂಡು ತಗಲದಂತೆ ಚಕ್ರವನ್ನು ಎರಡು ಒಡಲುಗಳ ನಡುವೆ ಬಚ್ಚಿಟ್ಟಿದ್ದ ಜಾಣ್ಮೆ ಅದು. ಆದರೆ ಅದರ ಕೆಲಸ ನ್ಯೂಯಾರ್ಕ್ ಬಂದರಿನ ಕಾವಲು, ತೆರೆದ ಕಡಲಿನದಲ್ಲ.

ಇಲ್ಲಿ ಓದುಗರು ಒಂದು ಅಂಶವನ್ನು ಗಮನಿಸಿರಬಹುದು. ನಮ್ಮ ಜಂಗಾಲು ಕೂಡ ಹೊಳೆಯದೇ ವಾಹನ. ಗಂಗೊಳ್ಳಿಯ ಅಳಿವೆಯ ಒಳಗೆ ಅದು ರಾಜ. ಅಳಿವೆ ದಾಟಿ ಕಡಲಿಗೆ ಇಳಿಯುವಾಗ ನಮ್ಮ ಮೊಗವೀರರೂ ಖಾರ್ವಿಗಳೂ ಒಂಟಿ ಒಡಲಿನ ದೋಣಿಯನ್ನೇ ಏರಿದರು. ಹೆಚ್ಚೆಂದರೆ ಕಿರಿದಾದ ದೋಣಿಯ ಪಕ್ಕಕ್ಕೆ ಎರಡು ಮರದ ತೋಳು ಚಾಚಿ, ತುದಿಗೆ ಒಂದು ತೇಲುಮರವನ್ನು ಕಟ್ಟಿಕೊಂಡರು. ಮದರಾಸು ಸರಕಾರದ ಮೀನುಗಾರಿಕಾ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ೧೯೨೦ರಲ್ಲಿ ಭಾರತದ ದೋಣಿಗಳ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಕನ್ನಡ ಜಿಲ್ಲೆಯ ಈ ತೇಲುಮರದ ದೋಣಿಗಳಿಗೆ ಮಹತ್ವದ ಸ್ಥಾನವಿದೆ.

ಜಂಗಾಲು ಏಕೆ ಕಡಲಿಗೆ ಇಳಿಯಲಿಲ್ಲ? ಚಿಕ್ಕಂದಿನಲ್ಲಿ ಜಂಗಾಲಿನ ಹಲಗೆಯ ಮೇಲೆ ಬೋರಲಾಗಿ ಮಲಗಿ ಸಂದಿನಿಂದ ಕೆಳಗಿನ ನೀರು ನೋಡುವುದು ನನಗೆ ಬಲು ಇಷ್ಟವಾಗಿತ್ತು. ಭರತದ ಹೊತ್ತಿನಲ್ಲಿ ಅಳಿವೆಯ ಕಡೆಯಿಂದ ಒಂದು ಅಲೆ ಓರೆಯಾಗಿ ನುಗ್ಗಿದರೆ ಎಡದ ದೋಣಿ ಮೊದಲು ಏಳುತ್ತಿತ್ತು, ಬಲದ್ದು ಕ್ಷಣ ಬಿಟ್ಟು. ಆ ಒಂದು ಕ್ಷಣದಲ್ಲಿ ತೊಲೆಗಳು ನರಳುವ ಸದ್ದು, ಹುರಿ ಕಿರ್ರೆನ್ನುವ ಸದ್ದು ಕಿವಿಗೇ ತಾಗಿದಂತೆ ಕೇಳುತ್ತಿತ್ತು. ಅಂಬಿಗ ಒಂದು ಮಾತೂ ಆಡದೆ ಜಲ್ಲೆಯನ್ನೂರಿ ಮೂತಿಯನ್ನು ಅಲೆಗೆ ನೇರವಾಗಿ ತಿರುಗಿಸುತ್ತಿದ್ದ. ಆಧುನಿಕ ಎಂಜಿನಿಯರನ ಮುಖ್ಯ ತೊಡಕೂ ಇದೇ. ಎರಡು ಒಡಲುಗಳನ್ನು ಅಲೆ ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ದಿಕ್ಕಿಗೆ ಎತ್ತುತ್ತದೆ. ಅಗಲಿಸುತ್ತದೆ, ಹಿಂಡುತ್ತದೆ, ತಿರುಚುತ್ತದೆ. ಎಲ್ಲ ಏಟೂ ನಡುವಿನ ಸೇತುವೆಯ ಮೇಲೆ. ಅದು ಸಾಲದೆಂಬಂತೆ ಸೇತುವೆಯ ಹೊಟ್ಟೆಗೆ ಕೆಳಗಿನಿಂದ ಅಲೆಯ ಗುದ್ದು.

ಪಾಲಿನೇಸಿಯದವರು ಜೋಡುದೋಣಿಗಳಲ್ಲಿ ಪೆಸಿಫಿಕ್ ಸಾಗರವನ್ನೇ ದಾಟಲಿಲ್ಲವೇ ಎಂದು ಕೇಳಬಹುದು. ದಾಟಿದರು, ನಿಜ. ಅದೇ ಮಾದರಿಯ ‘ಹೋಕುಲೇಅ’ ೧೯೭೬ರಲ್ಲಿ ಹವಾಯಿಯಿಂದ ತಹೀತಿಗೆ ಹೋಗಿ ಅದನ್ನು ರುಜುವಾತುಪಡಿಸಿತು. ಆದರೆ ಹುರಿಯ ಕಟ್ಟು ಬಾಗುತ್ತದೆ, ಸಡಿಲುತ್ತದೆ, ಮರುದಿನ ಮತ್ತೆ ಬಿಗಿಯಬಹುದು. ಮುನ್ನೂರು ಮೀಟರು ಉದ್ದದ ಉಕ್ಕಿಗೆ ಆ ಸೌಕರ್ಯವಿಲ್ಲ. ವಸ್ತುವನ್ನು ಎಲ್ಲ ದಿಕ್ಕಿಗೂ ಇಮ್ಮಡಿ ಮಾಡಿದರೆ ತೂಕ ಎಂಟು ಪಾಲಾಗುತ್ತದೆ, ತೊಲೆಯ ಅಡ್ಡಕೊಯ್ತ ನಾಲ್ಕೇ ಪಾಲು. ಪುಟ್ಟ ದೋಣಿಯಲ್ಲಿ ನಡೆದ ಚಮತ್ಕಾರ ಪರ್ವತದಲ್ಲಿ ನಡೆಯದಿರುವುದು ಇದರಿಂದ.

ಹಾಗೆಂದು ಪ್ರಯತ್ನಗಳು ನಿಂತಿಲ್ಲ. ಟೆಲಿಪ್ರಿಂಟರಿನಿಂದ ಹೆಸರಾದ ಕೆನಡಾದ ಫ್ರೆಡರಿಕ್ ಕ್ರೀಡ್, ನೀರಿನಡಿಯಲ್ಲಿ ಎರಡು ಮುಳುಗಿದ ಕೊಳವೆಗಳು, ಅವುಗಳ ಮೇಲೆ ತೆಳುವಾದ ಕಂಬಗೋಡೆಗಳು, ಅದರ ಮೇಲೆ ಅಟ್ಟ ಎಂಬ ಹೊಸ ವಿನ್ಯಾಸವನ್ನು ಮುಂದಿಟ್ಟ. ಬ್ರಿಟನ್ನಿನಲ್ಲಿ ೧೯೪೬ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು. ವಿಮಾನ ಇಳಿಯುವ ಹಡಗಿಗೆ ಇದೇ ತಕ್ಕುದೆಂಬುದು ಅವನ ಆಸೆ. ಮೇಲಿನ ಅಲೆಗೆ ತೆಳುಗೋಡೆ ಮಾತ್ರ ಸಿಕ್ಕುವುದರಿಂದ ಹಡಗು ಹೊಯ್ದಾಡುವುದಿಲ್ಲ. ಅಮೆರಿಕದ ನೌಕಾದಳ ೧೯೭೩ರಲ್ಲಿ ಇದೇ ತತ್ತ್ವದ ‘ಕೈಮಾಲಿನೋ’ ಎಂಬ ಇನ್ನೂರು ಟನ್ನಿನ ಚಿಕ್ಕ ಹಡಗನ್ನು ಕಟ್ಟಿ, ಅದರ ಮೇಲೆ ಹೆಲಿಕಾಪ್ಟರು ಇಳಿಸಿಯೂ ನೋಡಿತು. ಅಷ್ಟು ಪುಟ್ಟ ಹಡಗು ಅಷ್ಟು ಅಲುಗದೆ ನಿಂತದ್ದು ಮೆಚ್ಚಬೇಕಾದದ್ದೇ. ಕುಂದು ಬೇರೆ ಕಡೆ ಇದೆ. ನೀರಿನಲ್ಲಿ ನೆಟ್ಟಗೆ ತೇಲುವ ಬಿದಿರಿನ ಬೊಂಬಿನ ಮೇಲೆ ಕಾಗೆ ಕುಳಿತರೂ ಅದು ಗೇಣು ಮುಳುಗುತ್ತದೆ. ಅಗಲದ ಹಲಗೆಯಾದರೆ ಗಮನಕ್ಕೇ ಬಾರದು. ವಿಮಾನವಾಹಿನಿಯ ಭಾರವೋ ದಿನಕ್ಕೊಂದು ಬಗೆ: ಇಂಧನ ತುಂಬುತ್ತದೆ, ಬರಿದಾಗುತ್ತದೆ, ಬಾಂಬು ಬರುತ್ತದೆ, ಹೋಗುತ್ತದೆ, ವಿಮಾನಗಳು ಏರುತ್ತವೆ, ಇಳಿಯುತ್ತವೆ. ತೆಳುಗೋಡೆಯ ಹಡಗು ಈ ಏರಿಳಿತವನ್ನು ಸಹಿಸದು.

ಮೂರೊಡಲಿನದು ನಮ್ಮ ತೇಲುಮರದ ದೋಣಿಗೆ ಹತ್ತಿರದ ನೆಂಟ. ನಡುವೆ ಉದ್ದನೆಯ ತೆಳು ಒಡಲು, ಇಕ್ಕೆಲಕ್ಕೆ ಊರುಗೋಲು. ಬ್ರಿಟಿಷರು ೨೦೦೦ದಲ್ಲಿ ‘ಟ್ರೈಟನ್’ ಎಂಬ ಪರೀಕ್ಷಾ ಹಡಗನ್ನು ನೀರಿಗಿಳಿಸಿದರು. ಅಮೆರಿಕದ ‘ಇಂಡಿಪೆಂಡೆನ್ಸ್’ ೨೦೧೦ರಲ್ಲಿ ಸೇವೆಗೆ ಸೇರಿತು. ೧೨೭ ಮೀಟರು ಉದ್ದ, ನಲವತ್ತು ನಾಟ್‌ಗೂ ಮಿಕ್ಕಿದ ಓಟ, ಅಳತೆಗೆ ಮೀರಿದ ಅಗಲದ ಹೆಲಿಕಾಪ್ಟರು ಅಂಗಳ. ಹನ್ನೊಂದೇ ವರ್ಷದಲ್ಲಿ, ೨೦೨೧ರಲ್ಲಿ, ಅದನ್ನು ನಿವೃತ್ತಿಗೊಳಿಸಿದರು. ರಷ್ಯದ ಕ್ರಿಲೋವ್ ಸಂಶೋಧನಾ ಕೇಂದ್ರ ೨೦೧೮ರಲ್ಲಿ ಅರ್ಧ ಜೋಡೊಡಲಿನ, ಸುಮಾರು ೪೪ ಸಾವಿರ ಟನ್ನಿನ ವಿಮಾನವಾಹಿನಿಯ ಮಾದರಿಯನ್ನು ಪ್ರದರ್ಶಿಸಿತು. ಅದು ಮಾದರಿಯಾಗಿಯೇ ಉಳಿದಿದೆ.

ನನ್ನ ಅಭಿಪ್ರಾಯ ಕೇಳಿದರೆ, ಭಾರಿ ಜೆಟ್ ವಿಮಾನಗಳ ವಾಹಿನಿಗೆ ಜೋಡೊಡಲು ಹೊಂದದು. ಅದರ ದೊಡ್ಡ ಆಕರ್ಷಣೆ ಅಗಲವಾದ ಅಂಗಳ. ಅದನ್ನು ಒಂಟಿ ಒಡಲಿನವರು ಆಗಲೇ ಬೇರೆ ದಾರಿಯಲ್ಲಿ ಗಿಟ್ಟಿಸಿಕೊಂಡಿದ್ದಾರೆ: ನೀರಿನ ಮಟ್ಟದಲ್ಲಿ ಕಿರಿದಾದ ಒಡಲು, ಮೇಲೆ ಹೋದಂತೆ ಮಾಡಿನ ಸೂರಿನ ಹಾಗೆ ಹೊರಚಾಚಿದ ಅಟ್ಟ. ೨೦೨೨ರಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ ವಿಕ್ರಾಂತದ ಅಟ್ಟ ೬೨ ಮೀಟರು ಅಗಲವಿದೆ. ನೀರು ಮುಟ್ಟುವ ಒಡಲು ಅದಕ್ಕಿಂತ ಎಷ್ಟೋ ಕಿರಿದು. ಇನ್ನು ಎರಡು ಒಡಲೆಂದರೆ ನೀರಿಗೆ ಉಜ್ಜುವ ಮೈ ಹೆಚ್ಚು. ನಿಧಾನವಾಗಿ ಸಾಗುವಾಗ, ವಾಹಿನಿಯ ಆಯುಷ್ಯದ ಬಹುಪಾಲು ಕಳೆಯುವುದೇ ಹಾಗೆ, ಎಣ್ಣೆ ವ್ಯರ್ಥ. ಒಂದು ಒಡಲಿಗೆ ಟಾರ್ಪೆಡೋ ಬಡಿದು ನೀರು ನುಗ್ಗಿದರೆ ಹಡಗು ಆ ಕಡೆಗೆ ವಾಲಿ, ವಿಮಾನಗಳು ಅಂಗಳದಲ್ಲಿ ಜಾರುತ್ತವೆ.

ಆದರೆ ಪೈಲಟ್ ಇಲ್ಲದ ಹಗುರ ವಿಮಾನಗಳ ಕಾಲ ಬಂದಿದೆ. ಅವಕ್ಕೆ ಬೇಕಾದುದು ಜಾಗ, ಬಲವಲ್ಲ. ಐದಾರು ಸಾವಿರ ಟನ್ನಿನ ಜೋಡೊಡಲ ಹಡಗು ಅಂಥ ವಿಮಾನಗಳನ್ನು ಹೊತ್ತು ತೀರದಿಂದ ತೀರಕ್ಕೆ ಸಾಗುವುದನ್ನು ನಮ್ಮ ಮಕ್ಕಳು ಕಾಣಬಹುದು. ಕದಂಬ ನೆಲೆಗೂ ಜೋಡೊಡಲು ಅಪರಿಚಿತವಲ್ಲ. ನೌಕಾದಳದ ಮೊದಲ ಎರಡೊಡಲ ಸಮೀಕ್ಷಾ ಹಡಗು ‘ಮಕರ’ ಸೇವೆಗೆ ಸೇರಿದ್ದು ೨೦೧೨ರಲ್ಲಿ, ಕಾರವಾರದಲ್ಲೇ. ಉದ್ದ ಸುಮಾರು ೫೩ ಮೀಟರು, ಅಗಲ ೧೬. ಅಂಥ ಆರು ಹಡಗುಗಳಿಗೆ ಗುತ್ತಿಗೆಯಾಗಿತ್ತು; ದಳಕ್ಕೆ ಸಂದದ್ದು ಇದೊಂದೇ.

ಮತ್ತೊಂದು ಲೆಕ್ಕವೂ ಉಂಟು, ಹೆಚ್ಚಿನವರು ಅದನ್ನು ಕೊನೆಗೆ ಹಾಕುತ್ತಾರೆ. ಕಾರವಾರದಲ್ಲಿ ಹಡಗನ್ನು ನೀರಿನಿಂದ ಎತ್ತುವ ಯಂತ್ರದ ಅಗಲ ೨೮ ಮೀಟರು. ಕೊಚ್ಚಿಯಲ್ಲಿ ೨೦೨೪ರಲ್ಲಿ ತೆರೆದ ಹೊಸ ಒಣಹೊಂಡ ೩೧೦ ಮೀಟರು ಉದ್ದ, ಒಂದು ಭಾಗದಲ್ಲಿ ೭೫, ಇನ್ನೊಂದರಲ್ಲಿ ೬೦ ಮೀಟರು ಅಗಲ. ನೂರು ಮೀಟರು ಅಗಲದ ಜೋಡೊಡಲ ವಾಹಿನಿಯ ನಕ್ಷೆ ಬರೆದವರು ಮೊದಲು ಆ ಹೊಂಡವನ್ನೇ ಮತ್ತೆ ಅಗೆಯಿಸಬೇಕಾದೀತು.