ರಾಜವೇಷದ ಕಸುಬು

ನಮ್ಮ ಜಾದೂ ಕಸುಬಿಗೆ ರಾಜವೇಷ ತಂದವರು ಬಂಗಾಳದ ಪಿ.ಸಿ. ಸರ್ಕಾರ್. 1956ರ ಏಪ್ರಿಲ್ 9ರಂದು ಬಿಬಿಸಿ ಟೆಲಿವಿಷನ್‌ನಲ್ಲಿ ಅವರು ಒಬ್ಬ ಹುಡುಗಿಯನ್ನು ಗರಗಸದಿಂದ ಕೊಯ್ದರು. ಆಕೆ ಎದ್ದು ನಿಲ್ಲುವುದರೊಳಗೆ ಕಾರ್ಯಕ್ರಮದ ಹೊತ್ತು ಮುಗಿಯಿತು. ಹುಡುಗಿ ಸತ್ತೇಹೋದಳೆಂದು ನೋಡಿದವರು ಫೋನಿನ ಮೇಲೆ ಫೋನು ಮಾಡಿದರಂತೆ. ಆಮೇಲೆ ಕೇಳಬೇಕೆ? ಸಣ್ಣ ಊರಿನ ಜಾದೂಗಾರರೆಲ್ಲ ಜರಿ ಶೇರವಾನಿ, ತುರಾಯಿ ಪೇಟ ಹೊಲಿಸಿಕೊಂಡೆವು. ಹೆಸರಿನ ಹಿಂದೆ ‘ಪ್ರೊಫೆಸರ್’ ಸೇರಿಸಿದೆವು. ಅವರ ‘ವಾಟರ್ ಆಫ್ ಇಂಡಿಯಾ’ವನ್ನೂ ಬಿಡಲಿಲ್ಲ: ಐಟಮ್ಮಿಗೊಮ್ಮೆ ತಂಬಿಗೆ ಬೋರಲು ಹಾಕುವುದು, ಬರಿದಾದ ತಂಬಿಗೆಯಿಂದ ಮತ್ತೆ ನೀರು ಸುರಿಸುವುದು.

ವೇಷ ರಾಜನದಾದರೂ ತಿರುಗಾಟ ಬಡವನದೇ. ಹುಬ್ಬಳ್ಳಿಯಿಂದ ಮೀರಜಿನವರೆಗೆ ಟ್ರಂಕುಗಳ ಜೊತೆ ಪ್ಯಾಸೆಂಜರ್ ಗಾಡಿ. ಊರು ಮುಟ್ಟಿದ ಕೂಡಲೇ ಠಾಣೆಯಲ್ಲಿ ಪರವಾನಗಿ, ನಂತರ ಹೆಡ್‌ಮಾಸ್ತರರ ಮನೆ, ಅಲ್ಲಿಂದ ಟಾಂಗಾಕ್ಕೆ ಮೈಕು ಕಟ್ಟಿ ಪ್ರಚಾರ. ಹಗಲು ಶಾಲೆಯಲ್ಲಿ ಚಿಲ್ಲರೆ ಪೈಸೆಯ ಆಟ. ಅಲ್ಲಿ ಗರಗಸದ ಪೆಟ್ಟಿಗೆ ತೋರಿಸುತ್ತಿದ್ದೆ, ಕೊಯ್ಯುತ್ತಿರಲಿಲ್ಲ. ರಾತ್ರಿ ಟೆಂಟಿಗೆ ಅಪ್ಪ-ಅವ್ವನನ್ನು ಮಕ್ಕಳೇ ಎಳೆದು ತರುತ್ತಿದ್ದರು.

ಅದೇ ಊರಿನ ಸಂತೆಯಲ್ಲಿ ಗಾರುಡಿಗನೂ ಇರುತ್ತಿದ್ದ. ವಿದ್ಯೆಯಲ್ಲಿ ಅವನೇ ಒಂದು ಕೈ ಮೇಲು. ನಾಲ್ಕೂ ಕಡೆ ಜನ ಕೂತಿರುವಾಗ ಬಟ್ಟಲ ಕೆಳಗಿನ ಚೆಂಡು ಮಾಯ ಮಾಡುತ್ತಿದ್ದ, ಹುಡುಗನಿದ್ದ ಬುಟ್ಟಿಗೆ ಕತ್ತಿ ತೂರಿಸುತ್ತಿದ್ದ. ನನಗಾದರೋ ಬೆನ್ನ ಹಿಂದೆ ಕಪ್ಪು ಪರದೆ, ಮಗ್ಗುಲಲ್ಲಿ ವಿಂಗು ಬೇಕೇ ಬೇಕು. ಆದರೆ ನಾನು ಆಟಕ್ಕೆ ಮೊದಲೇ ಟಿಕೆಟ್ಟು ಹರಿಯುತ್ತಿದ್ದೆ, ಅವನು ಆಟ ಮುಗಿಸಿ ತಟ್ಟೆ ಹಿಡಿಯುತ್ತಿದ್ದ. ಸರ್ಕಾರಕ್ಕೆ ಕಂಡದ್ದು ಈ ವ್ಯತ್ಯಾಸವೊಂದೇ. ನಮ್ಮ ರಾಜ್ಯದ 1958ರ ಮನರಂಜನಾ ತೆರಿಗೆ ಕಾಯ್ದೆಯಂತೆ ದುಡ್ಡು ಕೊಟ್ಟು ಒಳಗೆ ಬಂದು ನೋಡಿದರೆ ಅದು ಮನರಂಜನೆಯಾಗಿತ್ತು. ಗಡಿಯಾಚೆ, 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆಯಂತೆ ಹಾಡಿ, ಕುಣಿದು, ಆಟ ತೋರಿಸಿ ಬೀದಿಯಲ್ಲಿ ಕೈಯೊಡ್ಡಿದರೂ ಅದು ಭಿಕ್ಷೆ. ನನಗೆ ರಸೀದಿ, ಅವನಿಗೆ ಲಾಠಿ.

ಟಿ.ವಿ. ಮನೆಮನೆಗೆ ಬಂದ ಮೇಲೆ ಟೆಂಟಿನ ಬಾಡಿಗೆಯೂ ಹುಟ್ಟಲಿಲ್ಲ. ಉಳಿದದ್ದು ಮದುವೆ ಮನೆ, ಹುಟ್ಟುಹಬ್ಬ. ಅಲ್ಲಿ ಪರದೆಯಿಲ್ಲ, ಮಕ್ಕಳು ತೊಡೆಗೆ ತಾಗಿಕೊಂಡೇ ಕೂರುತ್ತಾರೆ, ದುಡ್ಡು ಆಟ ಮುಗಿದ ಮೇಲೆ. ಬಟ್ಟಲು-ಚೆಂಡಿನ ಆಟವನ್ನು ಕೀಳೆಂದು ಕಲಿಯದ ಪ್ರೊಫೆಸರುಗಳು ಕಸುಬು ಬಿಟ್ಟರು. ಕಲಿತವರಿಗೆ ಇವತ್ತಿಗೂ ಕರೆ ಬರುತ್ತದೆ.